ಎರಡರಿಂದ ನಾಲ್ಕರವರೆಗೆ

ಮರೆವು ಹೆಚ್ಚಾದ ಮೇಲೆ ನನ್ನ ಗಂಡ ಮಧ್ಯಾಹ್ನ ನಾನು ಮಲಗಿದಾಗ ಎಲ್ಲಿಗೋ ಹೋಗಿ ಬರತೊಡಗಿದರು. ಬಂದಾಗ ಧೋತರದ ಅಂಚು ಒದ್ದೆಯಾಗಿರುತ್ತಿತ್ತು. ಅಫಜಲಪುರ ತಾಲೂಕಿನ ನಮ್ಮ ಊರಿನ ಬೆನ್ನಿಗೇ ಭೀಮಾ ನದಿ.

ಹೆದರಿ ಗೇಟಿಗೆ ಕ್ಯಾಮೆರಾ ಹಾಕಿಸಿದೆ. ಅದರ ವಿಡಿಯೊಗಳು ವೈಫೈ ರೌಟರಿಗೆ ಸಿಕ್ಕಿಸಿದ ಹಾರ್ಡ್ ಡಿಸ್ಕಿನಲ್ಲಿ ಸೇರಿ ನನ್ನ ಫೋನಿನಲ್ಲಿ ಕಾಣಬೇಕಿತ್ತು. ಎಲ್ಲ ಕಂಡವು, ಎರಡರಿಂದ ನಾಲ್ಕು ಗಂಟೆಯವು ಮಾತ್ರ ಇರಲಿಲ್ಲ. ರೌಟರನ್ನು ಆರಿಸಿ ಹಚ್ಚಿದೆ, ಕೇಬಲ್ ಬದಲಿಸಿದೆ. ಕೊನೆಗೆ ಡಿಸ್ಕನ್ನು ನೇರವಾಗಿ ಲ್ಯಾಪ್‌ಟಾಪಿಗೆ ಹಚ್ಚಿ ನೋಡಿದರೆ ಅಲ್ಲೂ ಇಲ್ಲ. ಅಂದರೆ ಅವು ಕಳೆದಿರಲಿಲ್ಲ, ಹುಟ್ಟಿಯೇ ಇರಲಿಲ್ಲ.

ಮರುದಿನ ನಿದ್ದೆ ಬಂದವಳಂತೆ ಮಲಗಿದೆ. ಅದು ಗುರುವಾರವೆಂದು ನೆನಪು, ಆ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅವರು ಬಂದು ಡಿಸ್ಕಿನ ವೈರ್ ಕಿತ್ತು, ನೀಟಾಗಿ ಸುತ್ತಿ ರೌಟರಿನ ಮೇಲಿಟ್ಟರು. ದಿನಾ ನಾಲ್ಕಕ್ಕೆ ಬಂದು ಅವರೇ ತಿರುಗಿ ಸಿಕ್ಕಿಸುತ್ತಿದ್ದಿರಬೇಕು.

“ನನ್ನ ಹೆಸರು ನೆನಪಿರಂಗಿಲ್ಲ, ವೈರ್ ಮಾತ್ರ ಛಲೋ ನೆನಪದ ನೋಡ್ರಿ ನಿಮಗ,” ಅಂದೆ.

ಅವರು ತಿರುಗಲಿಲ್ಲ. “ಮಕ್ಕೊ ನೀ. ನೋಡಬ್ಯಾಡ ಅಂತನ ಕಿತ್ತೇನಿ.”

“ಏನು ನೋಡಬಾರದ್ರಿ?”

“ಒಂದಿನ ನಾ ಹೋಗೂದಷ್ಟ ಇರ್ತದ ಅದರಾಗ, ಬರೂದು ಇರಂಗಿಲ್ಲ. ಅದನ್ನ ತಿರುಗಿ ತಿರುಗಿ ನೋಡಕೋತ ಕುಂದ್ರತಿ ನೀ.”

ಚಪ್ಪಲಿ ಮೆಟ್ಟಿ ಹೊಳೆಯ ದಾರಿ ಹಿಡಿದರು. ನಾನು ವೈರ್ ಸಿಕ್ಕಿಸಲು ಕೈಚಾಚಿದೆ. ಆಮೇಲೆ ಅದನ್ನು ಹಾಗೇ ಬಿಟ್ಟು, ಬಾಗಿಲನ್ನೂ ಮುಚ್ಚದೆ ಅವರ ಹಿಂದೆ ಓಡಿದೆ.