ದೊಡ್ಡವ್ವನ ಎಡಗೈ

ಇವತ್ತು ಬೆಳಿಗ್ಗೆ ಸೊಸೆ ಆಸ್ಪತ್ರೆಯಿಂದ ಕೆಂಪು ಔಷಧಿಯ ಸೀಸೆ ತಂದುಕೊಟ್ಟಳು. ಬಿರಡೆ ತೆಗೆದೊಡನೆ ಘಾಟು ಮೂಗಿಗೆ ಬಡಿಯಿತು. ನೀವೂ ಕುಡಿದಿದ್ದರೆ ಗೊತ್ತಿರುತ್ತದೆ, ನಾಲಿಗೆಗಿಂತ ಮೊದಲು ಕಣ್ಣಿಗೆ ಹತ್ತುವ ಘಾಟು ಅದು. ಸೀಸೆ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಮುದುಕಿ ಹಟ ಮಾಡುತ್ತಿದ್ದಾಳೆಂದು ಗೊಣಗಿಕೊಂಡು ಸೊಸೆ ಒಳಗೆ ಹೋದಳು. ಹಟವಲ್ಲ. ನನಗೆ ದೊಡ್ಡವ್ವ ನೆನಪಾಗಿದ್ದಳು.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ನರಸೀಪುರದ ಹತ್ತಿರ, ಕಪಿಲೆಯ ದಂಡೆಯ ಸಣ್ಣ ಮಠವೊಂದರಲ್ಲಿ ವಿರಕ್ತಳಾಗಿದ್ದಳು. ಮದುವೆಯ ವಯಸ್ಸಿನಲ್ಲೇ ಕಾವಿ ಉಟ್ಟು, ಮಠದ ಹೆಬ್ಬಾಗಿಲು ದಾಟುವುದಿಲ್ಲವೆಂದು ಗುರುಗಳಿಗೆ ಮಾತು ಕೊಟ್ಟವಳು. ನಾನು ಹೇಳುವ ಹೊತ್ತಿಗೆ ಇಪ್ಪತ್ತು ವರ್ಷವಾದರೂ ಅದನ್ನು ದಾಟಿರಲಿಲ್ಲ. ಹಿತ್ತಿಲ ಗೋಡೆಯಾಚೆಯೇ ಹೊಳೆ. ಸದ್ದು ಕೇಳುತ್ತಿತ್ತು, ನೀರು ಕಾಣುತ್ತಿರಲಿಲ್ಲ. ಊರವರಿಗೆಲ್ಲ ಅವಳು ಅಮ್ಮನೋರು. ನನ್ನ ಬಾಯಿಗೆ ಮಾತ್ರ ದೊಡ್ಡವ್ವ, ನೀನು, ಹೋಗು, ಬಾ.

ಕೊರಳಲ್ಲಿರುವ ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸಿದ ಮೇಲೆಯೇ ನಮ್ಮವರು ಬಾಯಿಗೆ ನೀರು ಹಾಕುವುದು. ಸಂಸಾರಸ್ಥರು ಈ ನೇಮವನ್ನು ಗಡಿಬಿಡಿಯಲ್ಲಿ ಮುಗಿಸುವುದುಂಟು. ನಾನಂತೂ ಹಾಲು ಉಕ್ಕೀತೆಂದು ಒಂದು ಕಣ್ಣನ್ನು ಒಲೆಯ ಮೇಲಿಟ್ಟೇ ಪೂಜೆ ಮಾಡಿದವಳು. ದೊಡ್ಡವ್ವ ಕೂತಳೆಂದರೆ ಹೊತ್ತೇರಿದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ.

ಮಹಾರಾಜರು ಇನ್ನೂ ಚಿಕ್ಕವರೆಂದು ಮಹಾರಾಣಿಯವರು ರಾಜ್ಯ ನೋಡಿಕೊಳ್ಳುತ್ತಿದ್ದ ಕಾಲ. ಒಂದು ಬೇಸಿಗೆಯಲ್ಲಿ ದೊಡ್ಡವ್ವನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಅವ್ವ ನನ್ನನ್ನೂ ಕರೆದುಕೊಂಡು ಗಾಡಿಯಲ್ಲಿ ಹೊರಟಳು. ಎರಡು ಮಕ್ಕಳ ತಾಯಿ ನಾನು, ಲೋಕದ ರೋಗವೆಲ್ಲ ಗೊತ್ತೆಂಬ ಗತ್ತು. ಮರುದಿನ ಬೆಳಿಗ್ಗೆ ದೊಡ್ಡವ್ವನಿಗೆ ಪೂರ್ತಿ ಎಚ್ಚರ ಬಂದಾಗ ಆ ಗತ್ತು ಇಳಿಯಿತು. ಅವಳು ಬಲಗೈಯಿಂದ ಲಿಂಗವನ್ನು ಎಡ ಅಂಗೈಯಲ್ಲಿಟ್ಟಳು. ಜಾರಿ ಹಾಸಿಗೆಗೆ ಬಿತ್ತು. ಇನ್ನೊಮ್ಮೆ ಇಟ್ಟಳು, ಮತ್ತೆ ಬಿತ್ತು. ಎತ್ತಿ ಎದೆಗೊತ್ತಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದಳು. ಕೈಯನ್ನು ನಾನು ಹಿಡಿದುಕೊಳ್ಳುತ್ತೇನೆ ಎಂದೆ.

“ಬ್ಯಾಡ ಕಣವ್ವ. ನನ್ ಕೈಲಿ ತಾನಾಗೇ ನಿಲ್ಲೋಗಂಟ ನೀರು ಬ್ಯಾಡ.”

“ನಂಜನಗೂಡಿಗೆ ಕರ್ಕೊಂಡೋಗ್ತೀವಿ ಅಕ್ಕ, ನಂಜುಂಡಪ್ಪ ಎಂತೆಂಥ ಕಾಯ್ಲೆ ವಾಸಿ ಮಾಡವ್ನೆ,” ಎಂದು ಅವ್ವ ಅತ್ತಳು.

“ನನ್ ದ್ಯಾವ್ರು ಇಲ್ಲೇ ಅವ್ನೆ. ಬಾಗ್ಲು ಯಾಕೆ ದಾಟ್ಲಿ?”

ಅವಳನ್ನು ಒಪ್ಪಿಸಬಲ್ಲವರು ಗುರುಗಳೊಬ್ಬರೇ, ಅವರು ಸಂಚಾರದಲ್ಲಿದ್ದರು. ಕರೆತರಲು ಆಳು ಹೋಗಿದ್ದ. ನರಸೀಪುರದ ಡಾಕ್ಟರು ಬಂದು ಇದೇ ಘಾಟಿನ ಕೆಂಪು ಔಷಧಿ ಕೊಟ್ಟು, ಹೊಟ್ಟೆಗೆ ನೀರು ಬೀಳದಿದ್ದರೆ ಜೀವ ಉಳಿಯುವುದಿಲ್ಲ ಎಂದು ಹೇಳಿಹೋದರು.

ನೀರು ಬಿಟ್ಟ ಎರಡನೆಯ ದಿನ ಮಧ್ಯಾಹ್ನ ಜ್ವರವೇರಿ ಅವಳಿಗೆ ಮಂಪರು ಹತ್ತಿತು. ಗುರುಗಳು ಇನ್ನೂ ಬಂದಿರಲಿಲ್ಲ. ತುಟಿ ಒಡೆದಿತ್ತು. ಅವ್ವ ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದಳು. ನಾನು ದೊಡ್ಡವ್ವನ ಹಣೆಗೆ ವಿಭೂತಿ ಹಚ್ಚಿದೆ. ಎಡ ಅಂಗೈಯನ್ನು ಒದ್ದೆ ಮಾಡಿ ಒಂದು ಬಿಲ್ವಪತ್ರೆ ಇಟ್ಟೆ. ಲಿಂಗವನ್ನು ಮುಟ್ಟುವ ಧೈರ್ಯ ಬರಲಿಲ್ಲ. ಆಮೇಲೆ ಭುಜ ಅಲ್ಲಾಡಿಸಿ ಎಬ್ಬಿಸಿದೆ.

“ಪೂಜೆ ಆಯ್ತು ದೊಡ್ಡವ್ವ. ನೀನೇ ಮಾಡ್ದೆ. ನೋಡು, ಪತ್ರೆ ಇನ್ನೂ ಕೈಲೇ ಅದೆ.”

ಅವಳು ಪತ್ರೆಯನ್ನು ನೋಡಿದಳು. ನನ್ನನ್ನು ನೋಡಿದಳು. ಬಾಯಿ ತೆರೆದಳು. ನೀರು, ಆಮೇಲೆ ಔಷಧಿ, ಮತ್ತೆ ನೀರು.

ಬದುಕಿಕೊಂಡಳು. ಕೆಲವು ತಿಂಗಳಲ್ಲಿ, ಮೊಣಕೈಯನ್ನು ತೊಡೆಗೆ ಆನಿಸಿಕೊಂಡರೆ ಲಿಂಗ ಅಂಗೈಯಲ್ಲಿ ನಿಲ್ಲುವಷ್ಟು ಬಲ ಬಂತಂತೆ. ಬಂತಂತೆ ಎನ್ನುತ್ತಿದ್ದೇನೆ, ಏಕೆಂದರೆ ನಾನು ನಾಲ್ಕು ವರ್ಷ ಆ ಕಡೆ ತಲೆಯನ್ನೇ ಹಾಕಲಿಲ್ಲ. ಮಗುವಿಗೆ ಕೆಮ್ಮು, ಮನೆಯಲ್ಲಿ ಸುಗ್ಗಿ, ನೆಂಟರು, ನೆವಗಳಿಗೇನು ಬರ? ಅಷ್ಟು ದೊಡ್ಡ ನೇಮವನ್ನು ಸುಳ್ಳು ಹೇಳಿ ಕೆಡಿಸಿದವಳು ಯಾವ ಮುಖ ಹೊತ್ತುಕೊಂಡು ಹೋಗಲಿ?

ಕೊನೆಗೆ ತಡೆಯಲಾರದೆ ಹೋದೆ. ದೊಡ್ಡವ್ವ ಪಡಸಾಲೆಯಲ್ಲಿ ಪತ್ರೆ ಆರಿಸುತ್ತಿದ್ದಳು. ಅವಳ ಕಾಲು ಹಿಡಿದುಕೊಂಡು ಎಲ್ಲವನ್ನೂ ಹೇಳಿ ಅತ್ತೆ.

“ನೀ ಸುಳ್ಳೇಳ್ತಿದ್ದೀಯ ಅಂತ ಆವತ್ತೇ ಗೊತ್ತಿತ್ತು ಕಣವ್ವ,” ಎಂದಳು. “ಪೂಜೆ ಮಾಡಿದ ಕೈ ನಂಗೊತ್ತಾಗಲ್ವಾ?”

“ಮತ್ಯಾಕೆ ಕುಡುದೆ?”

“ಬಾಯಾರಿತ್ತು.”

ಇನ್ನೊಂದು ಪತ್ರೆ ಆರಿಸಿಟ್ಟು ಅವಳೇ ಮುಂದುವರಿಸಿದಳು. “ಸಾಯಾಕೆ ಭಯ ಆಯ್ತು. ಇಪ್ಪತ್ತೊರ್ಸ ಪೂಜೆ ಮಾಡಿದೋಳ್ಗೆ ಭಯ! ದಿನಾ ಲಿಂಗಯ್ಯನ ಮುಂದೆ ಏಳ್ಕತೀನಿ, ತಪ್ಪು ನಂದು ಅಂತ. ನಿನ್ ಎಸ್ರು ಎತ್ತಿಲ್ಲ.”

ಆವತ್ತು ನನಗೇನಾಯಿತು ಗೊತ್ತೆ? ಹಗುರವಾಯಿತು. ನಾಚಿಕೆಗೇಡಿನ ಮಾತು, ಆದರೂ ನಿಮ್ಮ ಹತ್ತಿರ ಮುಚ್ಚಿಡಲಾರೆ. ಊರಿಗೆ ಬಂದು ಹೊಟ್ಟೆ ತುಂಬ ಉಂಡೆ. ಸುಳ್ಳು ಹೇಳಿದ್ದು ನಾನು, ಅದನ್ನು ಸಾಯುವವರೆಗೂ ಹೊತ್ತವಳು ಅವಳು. ಅವಳು ಹೋಗಿಯೇ ಎಷ್ಟೋ ವರ್ಷಗಳಾದವು. ಅವಳಿದ್ದಾಗ ಆ ಹೊರೆಗೆ ಹೆಗಲು ಕೊಡಬೇಕೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ.

ಸೀಸೆಯನ್ನು ಪಕ್ಕಕ್ಕಿಟ್ಟು ಪೂಜೆಗೆ ಕೂತೆ. ಕಣ್ಣು ಮುಚ್ಚಿಕೊಂಡು, ಆ ತಪ್ಪು ನನ್ನದು ಎಂದೆ. ದೊಡ್ಡವ್ವನ ಹೆಸರು ಎತ್ತಲಿಲ್ಲ.