ಪ್ರಪಾತದಂಚಿನ ಸುಣ್ಣದಕ್ಕ

ಬೆಳಕು ಹರಿಯುವ ಹೊತ್ತು. ಕೆಳಗೆ ಕಡಲು ಬಂಡೆಗೆ ಅಪ್ಪಳಿಸುವ ಸದ್ದು ಕಿವಿಗೆ ಬೀಳುತ್ತದೆಯೇ ಹೊರತು ಕಡಲು ಕಾಣುವುದಿಲ್ಲ, ಮಂಜು ಅಷ್ಟು ದಟ್ಟ. ಪ್ರಪಾತದಂಚಿನ ಕಾಲುದಾರಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಮಂಡಿಯೂರಿ ಕುಳಿತು ಕಲ್ಲೊಂದಕ್ಕೆ ಸುಣ್ಣ ಬಳಿಯುತ್ತಿದ್ದಾರೆ. ಪಕ್ಕದಲ್ಲಿ ಬಕೆಟ್ಟು, ಕೈಯಲ್ಲಿ ಅರ್ಧ ಕೂದಲುದುರಿದ ಬ್ರಷ್ಷು. ಬಳಿದಾದ ಮೇಲೆ ಹಿಂದಕ್ಕೆ ಸರಿದು, ಕತ್ತು ವಾರೆ ಮಾಡಿ, ಮಗುವಿಗೆ ಪೌಡರ್ ಹಚ್ಚಿದ ತಾಯಿಯ ಹಾಗೆ ಒಮ್ಮೆ ನೋಡುತ್ತಾರೆ. ಸಮಾಧಾನವಾದರೆ ಮುಂದಿನ ಕಲ್ಲು.

ದ್ವೀಪದವರ ಬಾಯಲ್ಲಿ ಇವರು ಸುಣ್ಣದಕ್ಕ. ದೋಣಿಕಟ್ಟೆಯಿಂದ ದೀಪಸ್ತಂಭದವರೆಗೆ ಹೋಗುವ ದಾರಿಯ ಅಂಚಿಗೆ ಕಲ್ಲುಗಳನ್ನು ಸಾಲಾಗಿ ನೆಟ್ಟವರು ಇವರ ಅಪ್ಪ. ಅಪ್ಪ ಹೋದ ಮೇಲೆ ಬ್ರಷ್ಷು ಮಗಳ ಕೈಗೆ ಬಂತು. ಹಕ್ಕಿಗಳು ಗೂಡು ಕಟ್ಟುವ ಕಮರಿ, ಅಲೆ ಒಳನುಗ್ಗಿ ಗುಡುಗುವ ಗವಿ, ಕುರಿ ಮೇಯುವ ಬೋಳುಗುಡ್ಡ, ಎಲ್ಲಕ್ಕೂ ಇದೊಂದೇ ದಾರಿ. ಕೆಳಕೇರಿಯ ಮೀನುಗಾರರಿಗೂ ಮೇಲ್ಕೇರಿಯ ಕುರಿಗಾಹಿಗಳಿಗೂ ಯಾವುದರಲ್ಲೂ ಸರಿಬರುವುದಿಲ್ಲ. ಆದರೆ ಬಿಳಿ ಕಲ್ಲು ದಾಟಬಾರದು ಎನ್ನುವುದರಲ್ಲಿ ಮಾತ್ರ ಎರಡು ಮಾತಿಲ್ಲ. ಪ್ರವಾಸಿಗರು ಗವಿಯ ಫೋಟೊ ತೆಗೆಯುತ್ತಾರೆ, ಹಕ್ಕಿಗಳ ಫೋಟೊ ತೆಗೆಯುತ್ತಾರೆ, ಕೊನೆಗೆ ತಮ್ಮದೇ ಫೋಟೊ ತೆಗೆದುಕೊಳ್ಳುತ್ತಾರೆ. ಕಲ್ಲುಗಳನ್ನು ಯಾರೂ ಕೇಳುವುದಿಲ್ಲ. ಅವುಗಳ ಒಳಗೇ ನಡೆದು ಕ್ಷೇಮವಾಗಿ ಊರು ಸೇರುತ್ತಾರೆ, ಅಷ್ಟೇ.

ಕೆಲಸ ಹಿಡಿದ ಹೊಸದರಲ್ಲಿ ಸುಣ್ಣದಕ್ಕ ಒಂದು ಎಡವಟ್ಟು ಮಾಡಿದ್ದರು. ಸುಣ್ಣ ಉಳಿಸುವ ಉಮೇದಿನಲ್ಲಿ, ದೀಪಸ್ತಂಭದ ಕಡೆ ಹೋಗುವವರಿಗೆ ಕಾಣುವ ಮಗ್ಗುಲಿಗಷ್ಟೇ ಬಳಿದು ಬಂದರು. ಹೋದವರು ವಾಪಸೂ ಬರಬೇಕಲ್ಲ! ಅಂದು ಸಂಜೆ ಮಂಜಿನಲ್ಲಿ ಸಿಕ್ಕಿಕೊಂಡವರು ಬೇರೆ ಯಾರೂ ಅಲ್ಲ, ಇವರ ಯಜಮಾನರೇ.

"ಬರೋವಾಗ ಒಂದು ಕಲ್ಲೂ ಕಾಣ್ಲಿಲ್ಲ. ಕುರಿಗಳ ಮಧ್ಯೆ ಮುದುರ್ಕೊಂಡು ಬೆಳಗು ಮಾಡಿದೆ," ಎಂದು ಅವರು ಈಗಲೂ ಹಲ್ಲು ಕಡಿಯುತ್ತಾರೆ.

"ಇವರ ಗೊರಕೆ ತಡ್ಕೊಂಡ ಕುರಿಗಳ ಕಷ್ಟ ಯಾರಿಗೆ ಹೇಳೋಣ?" ಎನ್ನುತ್ತಾರೆ ಹೆಂಡತಿ. ಅಂದಿನಿಂದ ಪ್ರತಿ ಕಲ್ಲಿಗೂ ಎರಡೂ ಮಗ್ಗುಲು ಸುಣ್ಣ.

ಈಗ ಬಂದಿರುವ ಸಂಕಟ ನಗುವಂಥದ್ದಲ್ಲ. ದ್ವೀಪದ ತುದಿಯಲ್ಲಿ ಕಡಲ ಮೇಲೆ ಚಾಚಿಕೊಂಡ ಹಾಸುಬಂಡೆಯಿದೆ. ಬಂದವರೆಲ್ಲ ಸೂರ್ಯಾಸ್ತ ನೋಡುತ್ತಿದ್ದದ್ದು ಅದರ ಮೇಲೆ ನಿಂತೇ. ಸುಣ್ಣದಕ್ಕನ ತಂಗಿಯ ಚಹಾದಂಗಡಿಯೂ ಅದರ ಮೇಲೇ. ಕಳೆದ ಮಳೆಗಾಲ ಮುಗಿದಾಗ, ಬಂಡೆ ನೆಲಕ್ಕೆ ಸೇರುವ ಕಡೆ ಹುಲ್ಲಿನಡಿ ಬಿರುಕೊಂದು ಸುಣ್ಣದಕ್ಕನ ಕಣ್ಣಿಗೆ ಬಿತ್ತು.

"ಕೈ ಹಾಕಿದ್ರೆ ಮೊಣಕೈವರೆಗೂ ಇಳೀತು. ಒಳಗಿಂದ ತಣ್ಣಗೆ ಗಾಳಿ ಬರ್ತಿತ್ತು. ಈ ಬಂಡೆ ಇವತ್ತಲ್ಲ ನಾಳೆ ಬೀಳುತ್ತೆ ಅಂದೆ," ಎನ್ನುತ್ತಾರೆ.

ಅವರು ಯಾರ ಅಪ್ಪಣೆಗೂ ಕಾಯಲಿಲ್ಲ. ಹಾರೆ ತಂದು, ಅಪ್ಪ ನೆಟ್ಟ ಕಲ್ಲುಗಳನ್ನು ಒಂದೊಂದಾಗಿ ಕಿತ್ತು, ಬಿರುಕಿನಿಂದ ಈಚೆಗೆ ಹೊಸ ಸಾಲು ಕಟ್ಟಿದರು. ಬಂಡೆಯೂ ಸಾಲಿನ ಹೊರಗಾಯಿತು, ತಂಗಿಯ ಅಂಗಡಿಯೂ ಹೊರಗಾಯಿತು. ದ್ವೀಪದವರು ಕಾಲಿಡುವುದು ಬಿಟ್ಟರು. ಅವರನ್ನು ನೋಡಿ ಪ್ರವಾಸಿಗರೂ ಬಿಟ್ಟರು.

ಬಿಡದವರು ಒಬ್ಬರೇ. ತಂಗಿ ಹಠಕ್ಕೆ ಬಿದ್ದು ದಿನಾ ಅದೇ ಬಂಡೆಯ ಮೇಲೆ ಅಂಗಡಿ ತೆರೆಯುತ್ತಾರೆ. ಗಿರಾಕಿಗಳಿಲ್ಲದ ಬೆಂಚು ಒರೆಸುತ್ತಾರೆ, ಒಲೆ ಹಚ್ಚುತ್ತಾರೆ. ಊರವರು ಹೇಳಿ ಹೇಳಿ ಸೋತಿದ್ದಾರೆ. ಕಲ್ಲಿನ ಈಚೆಯಿಂದಲೇ ಮಾತಾಡಿಸಿದರೆ ಆಚೆಯಿಂದ ಉತ್ತರ ಸಿಡಿಯುತ್ತದೆ: "ನಮ್ಮಕ್ಕ ನನ್ನ ಅನ್ನಕ್ಕೆ ಕಲ್ಲು ಹಾಕಿದ್ಲು. ಬಂಡೆ ಬಿತ್ತಾ? ಇಲ್ವಲ್ಲ! ಬೀಳ್ಲಿ, ಅವತ್ತು ಅವಳ ಹತ್ರ ಮಾತಾಡ್ತೀನಿ."

ಅದಕ್ಕೇ ಸುಣ್ಣದಕ್ಕ ಈಗ ದಿನ ಶುರು ಮಾಡುವುದು ಇಲ್ಲಿಂದ. ಇವತ್ತು ಬೆಳಿಗ್ಗೆ ಬಳಿಯುತ್ತಿರುವುದೂ ಈ ಹೊಸ ಸಾಲಿನ ಕಲ್ಲುಗಳಿಗೇ. ಮಂಜು ತೆಳುವಾಗುತ್ತದೆ, ಅಂಗಡಿಯ ಮಾಡಿನ ಮೇಲೆ ಹೊಗೆ ಏಳುತ್ತದೆ. ಅದನ್ನು ಕಂಡ ಮೇಲೆಯೇ ಅವರ ಭುಜ ಸಡಿಲವಾಗುವುದು. "ಬಾರೇ ಈಚೆಗೆ" ಎಂದು ಒಮ್ಮೆ ಕೂಗುತ್ತಾರೆ. ಆಚೆಯಿಂದ ಪಾತ್ರೆ ಕುಕ್ಕಿದ ಸದ್ದು ಬರುತ್ತದೆ.

ಇಂಥ ಹೆಂಗಸಿಗೆ ಸನ್ಮಾನ ಮಾಡಬೇಕು, ಶಾಲು ಹೊದಿಸಬೇಕು ಎಂದು ಯಾರಿಗಾದರೂ ಅನ್ನಿಸಿದರೆ ತಪ್ಪಿಲ್ಲ. ಅವರಿಗೆ ಬೇಕಾಗಿರುವುದು ಅದಲ್ಲ. ಏನು ಆಸೆ ಎಂದು ಕೇಳಿದಾಗ ಸುಣ್ಣದ ಕೈಯನ್ನು ಹುಲ್ಲಿಗೆ ಒರೆಸಿಕೊಂಡು, ಹೊಗೆಯ ಕಡೆಯೇ ನೋಡುತ್ತ ಹೇಳುತ್ತಾರೆ:

"ಬಂಡೆ ಹಾಗೇ ನಿಂತಿರ್ಲಿ. ಅವಳು ಮುದುಕಿಯಾಗೋವರೆಗೂ ನನ್ನ ಬೈಕೊಂಡು ಅಲ್ಲೇ ಚಹಾ ಕಾಯಿಸ್ಲಿ. ಹೆದರುಪುಕ್ಕಲಿ, ತಂಗಿ ಹೊಟ್ಟೆ ಮೇಲೆ ಹೊಡೆದೋಳು ಅಂತ ಊರೆಲ್ಲ ಆಡ್ಕೊಳ್ಲಿ. ನನ್ನ ಮಾತು ಸುಳ್ಳಾದ್ರೆ ಸಾಕು."