ಡಬ್ಬಿಯಿಂದ ಬಾರದ ನೀಲಿ ಕೋಟು

ಪಿಟೀಲು ತನ್ನ ಅತ್ತಿಗೆಯನ್ನು ಮೊದಲ ಸಲ ಕಂಡದ್ದು ಮಹಡಿಯ ಮೆಟ್ಟಿಲ ಮೇಲೆ. ಪಿಟೀಲು ಎಂದರೆ ವಾದ್ಯವಲ್ಲ, ಆ ಮನೆಯ ಕಿರಿಮಗಳು. ಚಿಕ್ಕಂದಿನಲ್ಲಿ ಹಿಡಿದ ರಾಗ ಬಿಡದೆ ಕುಯ್ಯುತ್ತಿದ್ದಳೆಂದು ಅಣ್ಣ ಇಟ್ಟ ಹೆಸರು, ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಅಂಟಿಕೊಂಡೇ ಇತ್ತು. ಅಂದು ಅಣ್ಣ ತಾನು ಮೆಚ್ಚಿದ ಹುಡುಗಿಯನ್ನು ಮನೆಗೆ ಕರೆತರುವವನಿದ್ದ. ಅಮ್ಮ ಮೇಜಿನ ಮೇಲಿನ ಬಟ್ಟೆಯನ್ನು ಎಳೆದು ಎಳೆದು ನೇರ ಮಾಡುತ್ತಿದ್ದಳು. ಪಿಟೀಲು ಮಾತ್ರ ಕೆಲಸದಿಂದ ತಪ್ಪಿಸಿಕೊಂಡು, ಮೆಟ್ಟಿಲ ತಿರುವಿನಲ್ಲಿ ಮುದುರಿ ಕೂತು, ಫೋನಿನಲ್ಲಿ ಬಂಡಿ ಓಡಿಸುತ್ತಿದ್ದಳು.

ಆ ಆಟದಲ್ಲಿ ಒಂದು ಬಂಡಿಗೆ ನಾಲ್ಕು ಜನ. ನಾಲ್ವರೂ ತಮ್ಮ ತಮ್ಮ ಫೋನಿನಿಂದ ಆಡಬೇಕು. ಒಬ್ಬರು ಸ್ಟೇರಿಂಗ್ ಹಿಡಿಯುತ್ತಾರೆ, ಒಬ್ಬರು ಬ್ರೇಕು ಹಾಕುತ್ತಾರೆ, ಒಬ್ಬರು ಎದುರಾಳಿಗಳ ಮೇಲೆ ಕುಂಬಳಕಾಯಿ ಎಸೆಯುತ್ತಾರೆ, ಬಂಡಿ ಸಿಕ್ಕಿಬಿದ್ದರೆ ಇನ್ನೊಬ್ಬರು ಇಳಿದು ತಳ್ಳುತ್ತಾರೆ.

"ಬಲಗಡೆ ಚಕ್ರ ಅಲ್ಲಾಡ್ತಿದೆ ನೋಡು. ಈಗ ಕಳಚ್ಕೊಳ್ಳುತ್ತೆ," ಎಂದಿತು ಬೆನ್ನ ಹಿಂದಿನ ದನಿ.

ಪಿಟೀಲು ತಿರುಗಿ ನೋಡಿದಳು. ಕೊರಳಲ್ಲಿ ಅಳತೆಯ ಟೇಪು, ತೋಳಿಗೆ ಚುಚ್ಚಿಕೊಂಡ ಗುಂಡುಸೂಜಿಗಳು, ಕೂದಲ ತುಂಬ ದಾರದ ಚೂರು. ಯಾರೋ ಹೆಂಗಸು ಹೊಲಿಗೆ ಮಿಷನ್ನಿನಿಂದ ಎದ್ದವಳು ನೇರ ಇಲ್ಲಿಗೇ ಬಂದಂತಿತ್ತು.

"ನೀವ್ಯಾರು?"

"ಅದನ್ನ ನಿಮ್ಮಣ್ಣ ಹೇಳ್ತಾರೆ. ಮೊದ್ಲು ಬ್ರೇಕ್ ಹಾಕ್ಸು ಮಾರಾಯ್ತಿ!"

ಚಕ್ರ ಕಳಚಿತು. ಬಂಡಿ ಕೆರೆಗೆ ಬಿತ್ತು. ಇಬ್ಬರೂ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ ನಗುವಿಗೆ ಅಮ್ಮ ಬಂದು ನೋಡಿದಳು. ಭಾವೀ ಸೊಸೆಯ ಮುಖವನ್ನು ಅವಳು ಮೊದಲು ಕಂಡದ್ದು ಹಾಗೆ, ಬಾಯಿ ಅಗಲಿಸಿ, ಕಣ್ಣಲ್ಲಿ ನೀರು ಸುರಿಸುತ್ತ.

ಮದುವೆಯಾಗಿ ಬಂದ ಮೊದಲ ವಾರವೇ ಅತ್ತಿಗೆ ತಂಡದ ಬ್ರೇಕು ಹಿಡಿದಳು. ಬೆರಳಿನಿಂದ ಒತ್ತಬೇಕಾದ ಬ್ರೇಕಿಗೆ ಅವಳು ನೆಲವನ್ನೂ ಕಾಲಿನಿಂದ ಒತ್ತುತ್ತಿದ್ದಳು, ಮಿಷನ್ನಿನ ಪೆಡಲೆಂಬಂತೆ. ತಳ್ಳುವ ಕೆಲಸ ಮೂಲೆ ಬೇಕರಿಯ ಬ್ರೆಡ್ಡಣ್ಣನದು. ಕುಂಬಳಕಾಯಿ ಎಸೆಯುವುದು ಪಕ್ಕದ ಮನೆಯ ಡ್ರೈವರ್ ಮಾವನ ಪಾಲು. "ದಿನವಿಡೀ ಬಸ್ಸಿನ ಸ್ಟೇರಿಂಗ್ ಹಿಡಿದು ಕೈ ಸೋತಿದೆ. ಜನರ ಮೇಲೆ ಏನಾದ್ರೂ ಎಸೆಯೋಕೆ ಬಿಡ್ರಪ್ಪ," ಎಂದು ಬೇಡಿ ಪಡೆದುಕೊಂಡದ್ದು. ಭಾನುವಾರ ಅತ್ತಿಗೆಯ ಹೊಲಿಗೆ ಅಂಗಡಿಯ ಇಸ್ತ್ರಿ ಮೇಜಿನ ಸುತ್ತ ನಾಲ್ವರೂ ಸೇರುತ್ತಿದ್ದರು. ಹೊಸ ಮನೆಯಲ್ಲಿ ಯಾವ ಡಬ್ಬಿಯಲ್ಲಿ ಏನಿದೆ ಎಂದು ಇನ್ನೂ ತಡಕಾಡುತ್ತಿದ್ದವಳಿಗೆ ತನ್ನದೆನ್ನುವ ಜಾಗ ಮೊದಲು ಸಿಕ್ಕಿದ್ದು ಆ ಬಂಡಿಯಲ್ಲಿ.

ಆ ಜಾಗಕ್ಕೇ ಕುತ್ತು ಬಂತು. ಆಟದವರು ಮಹಾ ಓಟವೊಂದನ್ನು ಸಾರಿದರು. ನಾಲ್ವರೂ ಒಂದೇ ಉಡುಪು ತೊಟ್ಟ ತಂಡಕ್ಕೆ ಮಾತ್ರ ಪ್ರವೇಶ. ಉಡುಪು ಬರುವುದು ಲಕ್ಕಿ ಬಾಕ್ಸಿನಿಂದ. ಓಟ ಗೆದ್ದರೆ ಒಂದು ಡಬ್ಬಿ ಸಿಗುತ್ತದೆ. ಅದರೊಳಗೆ ಏನಿರುತ್ತದೆಂದು ತೆರೆಯುವ ತನಕ ದೇವರಿಗೂ ಗೊತ್ತಿಲ್ಲ. ಪಿಟೀಲು, ಬ್ರೆಡ್ಡಣ್ಣ, ಮಾವ ಮೂವರಿಗೂ ನೀಲಿ ಕೋಟು ಬಂತು. ಅತ್ತಿಗೆಗೆ ಮೀನಿನ ಆಕಾರದ ಟೋಪಿ ಬಂತು. ಮತ್ತೆ ತೆರೆದಳು, ಅದೇ ಟೋಪಿ. ಇನ್ನೊಂದು ತೆರೆದಳು. ಈ ಸಲ ಸೀನುವ ವಿದ್ಯೆ ಬಂತು. ಅಂದಿನಿಂದ ಬಂಡಿ ತಿರುವಿಗೆ ಬಂದಾಗಲೆಲ್ಲ ಆಟದೊಳಗಿನ ಅವಳ ಗೊಂಬೆ "ಆಕ್ಷೀ" ಎನ್ನತೊಡಗಿತು.

"ಊರಿಗೆಲ್ಲ ಕೋಟು ಹೊಲಿಯೋಳಿಗೆ ಒಂದು ಕೋಟಿಲ್ಲ!" ಎಂದು ಬ್ರೆಡ್ಡಣ್ಣ ಗಹಗಹಿಸಿದ.

"ನಾನೂ ಹೀಗೇ ವ್ಯಾಪಾರ ಮಾಡಿದ್ರೆ ಹೇಗಿರುತ್ತೆ?" ಅತ್ತಿಗೆ ಕತ್ತರಿ ಆಡಿಸುತ್ತ ಕೇಳಿದಳು. "ಪ್ಯಾಂಟಿಗೆ ಬಟ್ಟೆ ಕೊಟ್ಟಿದ್ರಾ ಸ್ವಾಮಿ? ತಗೊಳ್ಳಿ ದಿಂಬಿನ ಚೀಲ. ನಿಮ್ಮ ಅದೃಷ್ಟ ಅಷ್ಟೇ. ಮತ್ತೆ ಬಟ್ಟೆ ತನ್ನಿ, ಈ ಸಲ ಪ್ಯಾಂಟ್ ಬಂದ್ರೂ ಬರಬಹುದು! ಹೀಗಂದ್ರೆ ಬಿಡ್ತಾರಾ ನನ್ನ?"

ತಪ್ಪು ಡಬ್ಬಿಯದಲ್ಲ, ಕೈಗುಣದ್ದು ಎಂದು ತೀರ್ಮಾನಿಸಿದವನು ಬ್ರೆಡ್ಡಣ್ಣ. ಅವನು ಮುಟ್ಟಿದ ಹಿಟ್ಟು ಉಬ್ಬದೆ ಇದ್ದದ್ದೇ ಇಲ್ಲ, ಆದ್ದರಿಂದ ಅತ್ತಿಗೆಯ ಫೋನಿನಲ್ಲಿ ಡಬ್ಬಿಯನ್ನು ಮೊದಲು ಅವನೇ ಒತ್ತಿ ತೆರೆದ. ಮೀನಿನ ಟೋಪಿ. ಆಮೇಲೆ ಅಂಗಡಿಗೆ ಬಂದವರಿಗೆಲ್ಲ ಆ ಕೆಲಸ ಬಿತ್ತು. ಅತ್ತಿಗೆ ತೋಳಿನ ಅಳತೆ ತೆಗೆದುಕೊಳ್ಳುತ್ತಲೇ ಗಿರಾಕಿಯ ಮೂಗಿನ ಕೆಳಗೆ ಫೋನು ಹಿಡಿಯುತ್ತಿದ್ದಳು. ಮೊದಲ ಸಂದರ್ಶನದಲ್ಲೇ ಕೆಲಸ ಗಿಟ್ಟಿಸಿದ ಹುಡುಗಿ ಒತ್ತಿದಳು, ಅವಳಿ ಮಕ್ಕಳ ತಾಯಿ ಒತ್ತಿದಳು. ಕೋಟಿನ ಅಗಲಕ್ಕೆ ಕೈ ಚಾಚಿ ನಿಂತಿದ್ದ ಬ್ಯಾಂಕಿನ ಮ್ಯಾನೇಜರು ಕೈ ಇಳಿಸಲಾಗದೆ ಮೂಗಿನ ತುದಿಯಿಂದಲೇ ಒತ್ತಿದ. ಬಂದದ್ದು ಇನ್ನೊಂದು ಸೀನು. ಅದರ ಹೆಸರು "ಜೋರು ಸೀನು".

ಮಹಾ ಓಟದ ಭಾನುವಾರ ಬಂದೇ ಬಂತು. ಉಳಿದದ್ದು ಒಂದೇ ಡಬ್ಬಿ. ಅತ್ತಿಗೆ ತಾನೇ ಒತ್ತಿದಳು. ಮೀನಿನ ಟೋಪಿ, ಈ ಸಲ ಬಾಲದ ಸಮೇತ.

ಡ್ರೈವರ್ ಮಾವ ಗಂಟಲು ಸರಿಮಾಡಿಕೊಂಡ. "ಬೇಜಾರು ಮಾಡ್ಕೋಬೇಡಮ್ಮ. ನನ್ನ ಭಾಮೈದನ ಹತ್ರ ನೀಲಿ ಕೋಟಿದೆ. ಕಾಯ್ತಾ ಕೂತಿದಾನೆ. ಈ ಒಂದು ಓಟಕ್ಕೆ ಬ್ರೇಕು ಅವನಿಗೆ ಕೊಟ್ರೆ..."

"ಕೊಡಿ," ಎಂದಳು ಅತ್ತಿಗೆ. ಫೋನನ್ನು ಮಗುಚಿಟ್ಟು, ಮಡಚಿದ್ದ ಬಟ್ಟೆಯನ್ನೇ ಮತ್ತೆ ಮಡಚತೊಡಗಿದಳು.

ಇಂದು ಜಾಗ ಬಿಟ್ಟರೆ ಅತ್ತಿಗೆ ಮುಂದಿನ ಭಾನುವಾರ "ನನಗೆ ಕೆಲಸ ಇದೆ" ಅನ್ನುತ್ತಾಳೆ, ಆಮೇಲೆ ಅದೇ ರೂಢಿಯಾಗುತ್ತದೆ. ಅದು ಪಿಟೀಲಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಹಿಡಿದ ರಾಗ ಬಿಡದ ಅವಳ ಹಳೆಯ ಚಾಳಿ ಕೆರಳಿತು.

"ಅತ್ತಿಗೆ, ನಾಲ್ಕು ಜನಕ್ಕೆ ಒಂದೇ ಥರ ಹೊಲೀಬೇಕು, ಬಟ್ಟೆ ಮೂವರಿಗೇ ಆಗುತ್ತೆ. ಆಗ ಏನ್ ಮಾಡ್ತೀರಿ? ನಾಲ್ಕನೆಯವರನ್ನ ಮನೆಗೆ ಕಳಿಸ್ತೀರಾ?"

"ಹುಚ್ಚೀ, ಹಾಗ್ಯಾರಾದ್ರೂ ಮಾಡ್ತಾರಾ? ಆ ಬಟ್ಟೆಗೆ ಕತ್ತರಿ ಹಾಕೋದೇ ಇಲ್ಲ. ನಾಲ್ವರಿಗೂ ಸಾಲೋ ಬೇರೆ ಬಟ್ಟೆ ತೆಗೀತೀನಿ," ಎಂದ ಅತ್ತಿಗೆಯ ಕೈ ಮಡಿಕೆಯ ನಡುವೆಯೇ ನಿಂತಿತು. "ಏಯ್ ಪಿಟೀಲು, ಈ ಆಟದಲ್ಲಿ ಎಲ್ಲರ ಹತ್ರಾನೂ ಇರೋ ಬಟ್ಟೆ ಯಾವುದು?"

"ಯಾವುದೂ ಇಲ್ಲ. ಕೋಟು ಬಿಚ್ಚಿದ್ರೆ ಒಳಗೆ ಬರೀ ಬನಿಯನ್ನು, ಪಟ್ಟೆ ಚಡ್ಡಿ."

"ಎಲ್ಲರಿಗೂ ಒಂದೇ ಥರದ ಬನಿಯನ್ನಾ?"

"ಒಂದೇ ಥರದ್ದು!" ಪಿಟೀಲು ಕಿರುಚಿದಳು.

"ಬರೀ ಬನಿಯನ್ನಿನಲ್ಲಾ?" ಮಾವ ತನ್ನ ನೀಲಿ ಕೋಟಿನ ಗೊಂಬೆಯಿದ್ದ ಫೋನನ್ನು ಎದೆಗೊತ್ತಿಕೊಂಡ. "ಸಾವಿರಾರು ಜನ ನೋಡ್ತಾರೆ. ಮಾನ ಮರ್ಯಾದೆ ಬೇಡ್ವಾ?"

"ದಿನಾ ಬೆಳಿಗ್ಗೆ ಅದೇ ವೇಷದಲ್ಲಿ ರಸ್ತೇಲಿ ನಿಂತು ಹಲ್ಲುಜ್ಜುತ್ತೀರಲ್ಲ ಮಾವ," ಎಂದಳು ಅತ್ತಿಗೆ.

ಬ್ರೆಡ್ಡಣ್ಣ ನಕ್ಕ ನಗೆಗೆ ಇಸ್ತ್ರಿ ಮೇಜು ಅಲುಗಿತು. ಮಾವ ಮೊದಲು ಮುಖ ಗಂಟಿಕ್ಕಿದ, ಆಮೇಲೆ ತಾನೇ ತಡೆಯಲಾರದೆ ಕಿಸಕ್ಕೆಂದ. ಭಾಮೈದನಿಗೆ ಫೋನು ಮಾಡಿ, "ನೀನು ಊಟ ಮಾಡಿ ಮಲ್ಕೋ," ಎಂದ. ತನ್ನ ಗೊಂಬೆಯ ಕೋಟು ಕಳಚಿದ.

ನಿಯಮದಲ್ಲಿ ಒಂದೇ ಉಡುಪು ಎಂದಿತ್ತೇ ಹೊರತು ಒಳ್ಳೆಯ ಉಡುಪು ಎಂದಿರಲಿಲ್ಲ. ಮಹಾ ಓಟದ ಬಾಗಿಲು ತೆರೆದೇ ತೆರೆಯಿತು. ಜರಿಯ ನಿಲುವಂಗಿ, ರೆಕ್ಕೆ, ಕಿರೀಟಗಳ ನಡುವೆ ಈ ನಾಲ್ಕು ಪಟ್ಟೆ ಚಡ್ಡಿಗಳು ಬಂದು ನಿಂತಾಗ ಪಕ್ಕದ ಬಂಡಿಯವರು ನಗುವ ಭರದಲ್ಲಿ ಓಟ ಶುರುವಾದದ್ದನ್ನೇ ಮರೆತರು. ಪಿಟೀಲು ಸ್ಟೇರಿಂಗ್ ತಿರುಗಿಸಿದಳು, ಮಾವ ಕುಂಬಳಕಾಯಿ ಸುರಿದ, ಬ್ರೆಡ್ಡಣ್ಣ ಕೆಸರಿನಲ್ಲಿ ತಳ್ಳಿದ, ಅತ್ತಿಗೆ ಕಾಲಿನಿಂದ ನೆಲ ಗುದ್ದುತ್ತ ಪ್ರತಿ ತಿರುವಿನಲ್ಲೂ ಬ್ರೇಕು ಹಾಕಿದಳು. ಪ್ರತಿ ತಿರುವಿನಲ್ಲೂ ಅವಳ ಗೊಂಬೆ ಜೋರಾಗಿ ಸೀನಿತು. ಬಂಡಿ ಮೂರನೆಯದಾಗಿ ಬಂತು. ರಸ್ತೆಯಲ್ಲಿ ಹೋಗುವವರು ಅಂಗಡಿಯೊಳಗೆ ಇಣುಕುವಷ್ಟು ಗಲಾಟೆಯಾಯಿತು.

ಮೂರನೆಯ ಬಹುಮಾನ ತೆರೆಯಲ್ಲಿ ಮಿನುಗಿತು. ಅದು ಒಂದು ಲಕ್ಕಿ ಬಾಕ್ಸು.

"ಒತ್ತಿ ಅತ್ತಿಗೆ, ಈ ಸಲ ಕೋಟು ಬಂದ್ರೂ ಬರಬಹುದು," ಎಂದಳು ಪಿಟೀಲು.

"ಬಂದು ಏನಾಗ್ಬೇಕು? ನನ್ನ ಗೊಂಬೆಗೆ ಸೆಖೆ ಜಾಸ್ತಿ," ಎಂದಳು ಅತ್ತಿಗೆ.

ಈಗ ಆಕೆ ವಾರವಿಡೀ ಅಂಗಡಿಯಲ್ಲಿ ಕೋಟು, ಷರಟು ಹೊಲಿಯುತ್ತಾಳೆ. ಭಾನುವಾರ ಬಂಡಿಯ ಬ್ರೇಕು ಹಿಡಿಯುತ್ತಾಳೆ. ಗೆದ್ದ ಡಬ್ಬಿಗಳನ್ನು ತೆರೆಯುವುದಿಲ್ಲ.